ಸೊಲ್ಲುಗಲ್ಲು

ನಮ್ಮೂರ ಹಳ್ಳದ ಈಚೆ ದಡದಲ್ಲಿ ಎಮ್ಮೆ ಮಲಗಿದಂತೆ ಒಂದು ಕರಿಬಂಡೆಯಿದೆ. ಅದೇ ಸೊಲ್ಲುಗಲ್ಲು. ಹೊಸಬರು ಹೆಸರು ಕೇಳಿ, ಪ್ರತಿಧ್ವನಿ ಬರುತ್ತದೆಂದು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಾರೆ. ಏನೂ ಬರುವುದಿಲ್ಲ. ಬೀಸುಕಲ್ಲಿನ ಮುಂದೆ ಕೂತು ಹಿಟ್ಟು ಬೀಸುವಾಗ ಒಬ್ಬಳು ತ್ರಿಪದಿಯ ಎರಡು ಸಾಲು ಹಾಡಿದರೆ ಎದುರಿಗೆ ಕೂತವಳು ಮೂರನೆಯದನ್ನು ಹಾಡಿ ಮುಗಿಸುತ್ತಾಳೆ. ಆ ಮೂರನೆಯ ಸಾಲಿಗೆ ನಮ್ಮ ಕಡೆ ಸೊಲ್ಲು ಎನ್ನುತ್ತಾರೆ. ಅದನ್ನು ಕಲ್ಲು ಕೊಡಲಾರದು, ಮನುಷ್ಯರೇ ಕೊಡಬೇಕು.

ಹಿಂದೆ ಒಮ್ಮೆ, ನಮ್ಮ ಮುತ್ತಜ್ಜನಿಗೂ ಹಿಂದಿನ ಕಾಲದಲ್ಲಿ, ಮನೆಮನೆಯಲ್ಲಿ ಇಲಿ ಸತ್ತು ಬಿದ್ದು ಊರಿಗೆ ಗಂಟುಬೇನೆ, ಅಂದರೆ ಪ್ಲೇಗು, ಬಂದಿತಂತೆ. ಬೇನೆ ಹೊಕ್ಕ ಮನೆಯವರು ಹಳ್ಳದಾಚೆ ಗುಡಿಸಲು ಹಾಕಿಕೊಂಡಿರಬೇಕು, ಯಾರೂ ಹಳ್ಳ ದಾಟಬಾರದು ಎಂದು ಹಿರಿಯರು ಕಟ್ಟು ಮಾಡಿದರು. ಬಾಳವ್ವನೆಂಬ ಮುದುಕಿಯ ಒಬ್ಬಳೇ ಮಗಳು ತಂಗೆವ್ವ, ಅದೇ ಊರಿಗೆ ಕೊಟ್ಟವಳು, ಗಂಡನ ಮನೆಯವರೊಡನೆ ಆಚೆ ಹೋದಳು. ಮಗಳು ಬದುಕಿದ್ದಾಳೋ ಇಲ್ಲವೋ ತಿಳಿಯುವುದು ಹೇಗೆ? ಬಾಳವ್ವ ಬೆಳಗಾಗುತ್ತಲೇ ಈ ಬಂಡೆ ಹತ್ತಿ ಹಾಡಿದಳು:

ಬೆಳ್ಳಿ ಮೂಡಿ ಬೆಳಗಾಗಿ ಬೆಳ್ಳಕ್ಕಿ ಹಾರ್‍ಯಾವ
ಹಳ್ಳದ ನೀರು ತಿಳಿದಾವ, ನನಮಗಳ

ಆಚೆಯಿಂದ ತಂಗೆವ್ವನ ದನಿ ಬಂತು: “ಒಲಿಯಾಗ ಕೆಂಡ ಉಳಿದಾವ.” ದಿನವೂ ಹೀಗೆಯೇ ನಡೆಯಿತು. ಹನ್ನೊಂದನೆಯ ಬೆಳಿಗ್ಗೆ ಸೊಲ್ಲು ಬರಲಿಲ್ಲ. ಬಾಳವ್ವ ಮೂರು ಸಲ ಹಾಡಿದಳು, ಆಮೇಲೆ ಕೂತುಬಿಟ್ಟಳು. ಮರುದಿನ ಅವಳು ಬಂಡೆಯ ಕಡೆ ಸುಳಿಯಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ನೀರಿಗೆ ಬಂದವಳನ್ನು ಆಚೆ ದಡದಿಂದ ಫಕೀರಪ್ಪನೆಂಬವನು ಕೂಗಿದ. ತನ್ನ ಇಬ್ಬರು ಮಕ್ಕಳನ್ನು ಆಗಲೇ ಮಣ್ಣು ಮಾಡಿದ್ದವನು ಅವನು. “ಯಕ್ಕಾ, ನಿನ್ನ ಹಾಡ ಕೇಳೇ ನಾವೆಲ್ಲ ಒಲಿ ಹಚ್ಚತಿದ್ವಿ. ಎರಡ ದಿನ ಆತು, ಯಾರೂ ಎದ್ದಿಲ್ಲ.”

“ನನ್ನ ಮಗಳ ಇಲ್ಲೋ ತಮ್ಮಾ. ಯಾರಿಗಂತ ಹಾಡ್ಲಿ?”

ಅವನು ಅದನ್ನು ಅಲ್ಲಗಳೆಯಲಿಲ್ಲ. “ನಾವ ಅದೀವಲ್ಲ, ಯಕ್ಕಾ” ಎಂದನಷ್ಟೆ.

ಮರುದಿನ ಬಾಳವ್ವ ಬಂಡೆ ಹತ್ತಿದಳು. ‘ನನಮಗಳ’ ಎಂಬ ಮಾತನ್ನು ಬದಲಿಸದೆಯೇ ಹಾಡಿದಳು. ಅಲ್ಲಿಗೆ ಬಂದಾಗ ಅವಳ ದನಿ ಒಡೆಯಿತು ಎನ್ನುತ್ತಾರೆ. ಆಚೆಯ ಗುಡಿಸಲುಗಳಿಂದ ಹೆಂಗಸರು, ಗಂಡಸರು, ಎದ್ದು ಕೂರಲಾರದವರು ಕೂಡ ಸೊಲ್ಲು ಕೊಟ್ಟರು. ಬೇನೆ ಇಳಿದು ಉಳಿದವರು ಊರಿಗೆ ಮರಳುವವರೆಗೆ ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಇಂದಿಗೂ ಸಾವಾದ ಮನೆಯವರು ಬೆಳಿಗ್ಗೆ ಆ ಬಂಡೆ ಹತ್ತಿ ಬಾಳವ್ವನ ಆ ಎರಡು ಸಾಲು ಹಾಡಿ ನಿಲ್ಲುತ್ತಾರೆ. ಮೂರನೆಯದನ್ನು ತಾವೇ ಹಾಡಿಕೊಳ್ಳುವಂತಿಲ್ಲ. ಆಚೆ ಬಟ್ಟೆ ಒಗೆಯುವವರೋ ಕುರಿ ಕಾಯುವವರೋ ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನು ಹಾಡುತ್ತಾರೆ. ಹಾಡಿದರೆ ಹೋದವರು ಬರುತ್ತಾರೆಯೇ ಎಂದು ನಗುತ್ತಿದ್ದವರಲ್ಲಿ ನಾನೂ ಒಬ್ಬ. ಹೆಂಡತಿ ತೀರಿಕೊಂಡ ವರ್ಷ ಹೋಗಿ ನಿಂತೆ. ಎರಡನೆಯ ಸಾಲು ಪೂರ್ತಿ ಬರಲಿಲ್ಲ. ಆದರೂ ಆಚೆಯಿಂದ ಯಾರೋ ಹಾಡಿದರು. ಮನೆಗೆ ಬಂದು ಒಲೆ ಹಚ್ಚಿದೆ.