ಐರಣೆಯ ಮೂರನೆಯ ಮಡಕೆ

"ಗುರುಗಳೇ, ಮುಪ್ಪಿನ ಬಗ್ಗೆ ಒಂದು ಗ್ರಂಥ ಬರೆಯಬೇಕೆಂದಿದ್ದೇನೆ. ವಯಸ್ಸಾದವರಿಗೆ ಏನು ಬೇಕು ಎಂಬುದನ್ನು ತಿಳಿಯುವುದು ಹೇಗೆ?" ಎಂದು ಶಿಷ್ಯನು ಕೇಳಿದನು.

ಗುರುಗಳಿಗೆ ಎಂಬತ್ತು ದಾಟಿತ್ತು. ಶಿಷ್ಯನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು.

"ಬರೆಯಪ್ಪಾ, ಧಾರಾಳವಾಗಿ ಬರೆ. ಅದಕ್ಕೂ ಮೊದಲು, ನಿನ್ನ ಹಾಗೆಯೇ ಬರೆಯಲು ಹೊರಟ ಒಬ್ಬ ಪಂಡಿತನ ಕತೆ ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ಗೌಡನಿದ್ದನು. ಬಹಳ ಒಳ್ಳೆಯವನು. ದಿನಕ್ಕೊಂದು ಉಪಕಾರ ಮಾಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಊರಿನವರಿಗೆ ಅವನಿಂದ ಇದ್ದ ತೊಂದರೆ ಅದೊಂದೇ. ಒಮ್ಮೆ ಅವನಿಗೆ ಊರಿನ ಮುದುಕರಿಗೆ ಏನಾದರೂ ಒಳ್ಳೆಯದು ಮಾಡಬೇಕೆಂದು ಮನಸ್ಸಾಯಿತು. ಏನು ಮಾಡಬೇಕೆಂದು ತಿಳಿಯಲಿಲ್ಲ. ದೂರದಿಂದ ಒಬ್ಬ ಪಂಡಿತನನ್ನು ಕರೆಸಿ, ಅರವತ್ತು ದಾಟಿದವರನ್ನೆಲ್ಲ ವಿಚಾರಿಸಿ ಬರೆದು ತರಲು ಹೇಳಿದನು.

ಪಂಡಿತನು ಶ್ರದ್ಧಾವಂತ. ಕಣ್ಣು ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ, ಸೊಂಟ ಹೇಗಿದೆ, ಹಲ್ಲು ಎಷ್ಟು ಉಳಿದಿವೆ ಎಂದು ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡಿದ್ದನು. ಎಲ್ಲ ಮನೆಗಳಲ್ಲೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿದನು.

ಆದರೆ ಆ ಊರಿನಲ್ಲಿ ಒಂದು ರೂಢಿಯಿತ್ತು. ಹೊಸಬರು ಕ್ಷೇಮ ವಿಚಾರಿಸಿದರೆ ಯಾರೂ ಚೆನ್ನಾಗಿದ್ದೇನೆ ಎನ್ನುತ್ತಿರಲಿಲ್ಲ. ಹಾಗೆಂದರೆ ದೃಷ್ಟಿಯಾಗುತ್ತದೆ ಎಂಬ ಭಯ. ಮೈಯಲ್ಲಿ ಯಾವುದು ಗಟ್ಟಿಯಾಗಿದೆಯೋ ಅದೇ ಕೆಟ್ಟಿದೆ ಎಂದು ಹೇಳಿಬಿಡುವುದು ಅಲ್ಲಿಯವರ ಜಾಣತನ. ದಿನವೂ ಸಂತೆಗೆ ನಡೆದು ಬರಬಲ್ಲ ಮುದುಕನು ಕಾಲು ಹೋಯಿತು ಎಂದನು. ದೀಪವಿಲ್ಲದೆ ಸೂಜಿಗೆ ದಾರ ಪೋಣಿಸುವ ಮುದುಕಿ ಕಣ್ಣು ಮಂಜಾಯಿತು ಎಂದಳು. ಪಂಡಿತನು ಎಲ್ಲವನ್ನೂ ಓಲೆಯಲ್ಲಿ ಬರೆದುಕೊಂಡನು.

ಕುಂಬಾರರ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಆವಿಗೆಯಲ್ಲಿ ಸುಟ್ಟ ಮಡಕೆಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿದು, ಸದ್ದು ಕೇಳಿ, ಬಿರುಕು ಬಿಟ್ಟವನ್ನು ಬೇರೆ ಮಾಡುವುದು ಅವಳ ಕೆಲಸ. ನಲವತ್ತು ವರ್ಷಗಳಿಂದ ಅವಳ ಬೆರಳು ತಾಗದ ಮಡಕೆ ಆ ಊರಿನ ಯಾವ ಒಲೆಯನ್ನೂ ಏರಿರಲಿಲ್ಲ. ಅದರ ಬಗ್ಗೆ ಅವಳಿಗೆ ತುಂಬಾ ಜಂಬ. ಪಂಡಿತನು ಅವಳನ್ನೂ ಕೇಳಿದನು.

"ಅಯ್ಯೋ ಸ್ವಾಮಿ, ಕಿವಿ ಪೂರ್ತಿ ಹೋಗ್ಬಿಟ್ಟೈತೆ. ಗುಡುಗಿದ್ರೂ ಕೇಳ್ಸಾಕಿಲ್ಲ" ಎಂದಳು.

ಪಂಡಿತನು ಪ್ರಶ್ನೆಯನ್ನು ಮೆಲುದನಿಯಲ್ಲಿಯೇ ಕೇಳಿದ್ದನು. ಬರೆಯುವ ಅವಸರದಲ್ಲಿ ಅದು ಅವನಿಗೆ ಹೊಳೆಯಲೇ ಇಲ್ಲ.

ಗೌಡನು ಓಲೆಗಳನ್ನು ಓದಿಸಿ ಕೇಳಿ ಕಣ್ಣೀರು ಹಾಕಿದನು. ಚಾವಡಿಯನ್ನು ಸಾರಿಸಿ, ಸಾಲಾಗಿ ಮಂಚ ಹಾಕಿಸಿದನು. ಅರವತ್ತು ದಾಟಿದವರು ಇನ್ನು ಮೈ ಬಗ್ಗಿಸಬಾರದು, ಚಾವಡಿಯಲ್ಲಿ ಒರಗಿಕೊಂಡು ಹೊತ್ತು ಹೊತ್ತಿಗೆ ಉಣ್ಣಬೇಕು ಎಂದು ಡಂಗುರ ಹೊಡೆಸಿದನು. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೇಳಿದ್ದು ಸುಳ್ಳು ಎನ್ನಬೇಕಾದರೆ ಗಟ್ಟಿಯಾಗಿದ್ದೇವೆ ಎಂದು ಒಪ್ಪಿಕೊಳ್ಳಬೇಕು. ಅದಕ್ಕೆ ಯಾರಿಗೂ ಧೈರ್ಯ ಬರಲಿಲ್ಲ.

ಮೊದಲ ದಿನ ಚಾವಡಿಯಲ್ಲಿ ಹಬ್ಬ. ಎರಡನೆಯ ದಿನಕ್ಕೆ ಹರಟೆ ಮುಗಿಯಿತು. ಎಂಟು ದಿನ ಕಳೆಯುವಷ್ಟರಲ್ಲಿ, ಕಾಲು ಹೋಯಿತು ಎಂದಿದ್ದವನ ಕಾಲು ನಿಜವಾಗಿಯೂ ಹಿಡಿದುಕೊಂಡಿತು. ಕುಂಬಾರರ ಅಜ್ಜಿ ಅನ್ನ ಮುಟ್ಟದಾದಳು. ಅವಳಿಲ್ಲದೆಯೇ ಮಗನು ಆವಿಗೆ ತೆರೆಯುತ್ತಿದ್ದನು. ಮಡಕೆಗಳು ಹೇಗೋ ಮಾರಾಟವಾಗುತ್ತಿದ್ದವು. ತಾನಿನ್ನು ಯಾರಿಗೂ ಬೇಡವಾದೆ ಎಂದು ಅವಳು ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು.

ಅಷ್ಟರಲ್ಲಿ ಗೌಡನ ಮಗಳ ಮದುವೆ ಬಂತು. ಮದುವೆಗೆ ಕುಂಬಾರರ ಮನೆಯಿಂದ ಐರಣೆಯ ಮಡಕೆಗಳನ್ನು ವಾದ್ಯದೊಡನೆ ತರುವುದು ಶಾಸ್ತ್ರ. ಅವುಗಳಲ್ಲಿ ತುಂಬಿಟ್ಟ ನೀರು ಸೋರಿದರೆ ಮದುವೆ ಮನೆಗೆ ಕೇಡು ಎಂದು ಜನ ನಂಬಿದ್ದರು. ಮಡಕೆ ಹೊತ್ತವರು ಚಾವಡಿಯ ಮುಂದೆ ನಿಂತರು. ವಾದ್ಯ ನಿಲ್ಲಿಸಿದರು. ಕುಂಬಾರನು ಗೌಡನೆದುರು ಮಡಕೆಗಳನ್ನು ಒಂದೊಂದಾಗಿ ಬಡಿದು ತೋರಿಸಿದನು. ಎಲ್ಲರೂ ತಿಳಿದವರಂತೆ ತಲೆಯಾಡಿಸಿದರು.

"ಲೇ ಮಗಾ, ಮೂರನೇದ್ ಕೆಳಗಿಡ್ಲಾ! ಬಿರುಕು ಬಿಟ್ಟೈತೆ!" ಎಂದು ಚಾವಡಿಯೊಳಗಿನಿಂದ ಕೂಗು ಬಂತು.

ಮೂರನೆಯ ಮಡಕೆಗೆ ನೀರು ಹೊಯ್ದರು. ತಳ ಒದ್ದೆಯಾಯಿತು. ಪಂಡಿತನು ಗಾಬರಿಯಿಂದ ಓಲೆ ಬಿಚ್ಚಿ ನೋಡಿ, "ಅಜ್ಜಿ, ಗುಡುಗಿದರೂ ಕೇಳಿಸದು ಎಂದು ನೀನೇ ಬರೆಸಿದ್ದೀಯಲ್ಲ!" ಎಂದನು.

"ಕೇಳ್ತದೆ ಅಂದಿದ್ರೆ ನಿಮ್ ಕಣ್ಣು ತಾಕ್ತಿರ್ಲಿಲ್ವಾ ಸ್ವಾಮಿ?" ಎಂದಳು ಅಜ್ಜಿ. "ಕಿವಿ ಹೆಂಗೈತೆ ಅಂತ ಕೇಳುದ್ರಿ. ಆ ಕಿವೀಲಿ ಏನ್ ಮಾಡ್ತೀಯ ಅಂತ ಕೇಳ್ಲಿಲ್ಲ. ಒಂದಿನ ಆವಿಗೆ ತಾವ ಬಂದು ಸುಮ್ನೆ ಕೂತಿದ್ರೆ, ನಾನು ಬಾಯೇ ಬಿಡ್ಬೇಕಿರ್ಲಿಲ್ಲ."

ಗೌಡನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. "ಈಗ ನಿನಗೇನು ಬೇಕು, ಹೇಳಜ್ಜಿ" ಎಂದನು.

"ದಾರಿ ಬಿಡಿ ಗೌಡ್ರೇ, ಮಿಕ್ಕಿದ್ ಮಡಕೇನೂ ಬಡೀಬೇಕು" ಎಂದು ಅವಳು ಮಂಚದಿಂದ ಇಳಿದೇಬಿಟ್ಟಳು.

ಮಗನು ತಾಯಿಯ ಕೈ ಹಿಡಿಯಲು ಹೋಗಿ ಬೈಸಿಕೊಂಡನು. ಬೇರೊಂದು ಮಡಕೆ ತರಲು ಕಾಲು ಹೋದ ಮುದುಕನೇ ಹೊರಟನು. ಅರ್ಧ ದಾರಿಯವರೆಗೆ ಕುಂಟಿ, ಆಮೇಲೆ ಮರೆತು ನೆಟ್ಟಗೆ ನಡೆದನು. ಮದುವೆಯ ಊಟದ ಹೊತ್ತಿಗೆ ಚಾವಡಿಯಲ್ಲಿ ಒಬ್ಬರೂ ಇರಲಿಲ್ಲ. ಪಂಡಿತನು ಕುಂಬಾರರ ಆವಿಗೆಯ ಪಕ್ಕದಲ್ಲಿ ಒಂದು ತಿಂಗಳು ಕುಳಿತು, ಹೊಸದಾಗಿ ಬರೆಯತೊಡಗಿದನು.

ಗುರುಗಳು ಕತೆ ಮುಗಿಸಿದರು. ಶಿಷ್ಯನು ಹಿಗ್ಗಿನಿಂದ ಎದ್ದು ನಿಂತನು.

"ತಿಳಿಯಿತು ಗುರುಗಳೇ! ಕೇಳುವುದಕ್ಕಿಂತ ಹತ್ತಿರ ಇದ್ದು ನೋಡಬೇಕು. ಈಗಲೇ ಹಳ್ಳಿಗಳ ಕಡೆ ಹೊರಡುತ್ತೇನೆ" ಎಂದನು.

ಅದಕ್ಕೆ ಗುರುಗಳು ಆಡಿದ್ದು ಒಂದೇ ಮಾತು.

"ಹೊರಡು ಮಗು, ಆದರೆ ನಾನು ನೀರು ಸೇದಿ ದಣಿದೇನೆಂದು ಅಟ್ಟದ ಮೇಲೆ ಬಚ್ಚಿಟ್ಟಿದ್ದೀಯಲ್ಲ, ಆ ಬಾವಿಯ ಹಗ್ಗವನ್ನು ಇಳಿಸಿಕೊಟ್ಟು ಹೋಗು."