ಕಣ್ಣಿಗೊತ್ತಿಕೊಂಡ ಪಾದ

ಆಶ್ರಮದ ಮಕ್ಕಳಿಗೆ ಪಾಠ ಹೇಳುವ ಶಿಷ್ಯನೊಬ್ಬ ಪತ್ರಿಕೆ ಹಿಡಿದುಕೊಂಡು ಗುರುವಿನ ಬಳಿಗೆ ಬಂದ. ಸಿಟ್ಟಿನಿಂದ ಅವನ ಮುಖ ಕೆಂಪಾಗಿತ್ತು. "ಗುರುಗಳೇ, ಯಾವುದೋ ಮಠದ ಶಾಲೆಯ ಮಕ್ಕಳ ಫೋಟೋ ತೆಗೆದು ಲೋಕಕ್ಕೆಲ್ಲ ತೋರಿಸಿದ್ದಾರೆ. ತಪ್ಪು ಮಾಡಿದವರು ಒಬ್ಬಿಬ್ಬರು, ಮಸಿ ಬಳಿದದ್ದು ಧರ್ಮದ ಮುಖಕ್ಕೆ. ಇದು ಸರಿಯೇ?" ಎಂದು ಕೇಳಿದ.

ಗುರು ಪತ್ರಿಕೆಯನ್ನು ಬಹಳ ಹೊತ್ತು ನೋಡಿದರು. ಅದನ್ನು ಮಡಿಸದೆ ಹಾಗೆಯೇ ಪಕ್ಕದಲ್ಲಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ದೈವಭಕ್ತ, ಕೊಟ್ಟ ಮಾತಿಗೆ ತಪ್ಪದವ. ಊರಾಚೆ ಒಂದು ಮಠವಿತ್ತು, ಮಠದಲ್ಲೊಂದು ಪಾಠಶಾಲೆಯಿತ್ತು. ಮಗ ನಾಲ್ಕಕ್ಷರ ಕಲಿಯಲಿ, ಎರಡು ಹೊತ್ತು ಉಣ್ಣಲಿ ಎಂದು ಬಡವರು ತಮ್ಮ ಮಕ್ಕಳನ್ನು ಅಲ್ಲಿ ಬಿಟ್ಟುಹೋಗುತ್ತಿದ್ದರು. ಅಕ್ಷರ ಹೆಸರಿಗಷ್ಟೇ. ಬೆಳಗಾದರೆ ಕಾವಿ ತೊಟ್ಟು, ಹೆಗಲಿಗೆ ಜೋಳಿಗೆ ಹಾಕಿಕೊಂಡು ಬೀದಿ ಬೀದಿ ಭಿಕ್ಷೆಗೆ ಅಲೆಯುವುದೇ ಆ ಮಕ್ಕಳ ಓದು. ಅವರು ತಂದ ಅಕ್ಕಿಯನ್ನು ಮಠದ ಮೇಲ್ವಿಚಾರಕ ಸಂತೆಗೆ ಸಾಗಿಸುತ್ತಿದ್ದ. ಊರವರು ಅದನ್ನೆಲ್ಲ ವಿಚಾರಿಸುವ ಗೋಜಿಗೆ ಹೋಗಿರಲಿಲ್ಲ. ಅವರ ಪಾಲಿಗೆ ಆ ಮಕ್ಕಳು ಮರಿಸ್ವಾಮಿಗಳು. ಭಿಕ್ಷೆ ನೀಡುವ ಮೊದಲು ಕಣ್ಣು ಮುಚ್ಚಿ ಮಗುವಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಆ ಊರಿನ ಪದ್ಧತಿ.

ವ್ಯಾಪಾರಿಯ ಬಾಗಿಲಿಗೆ ದಿನವೂ ಬರುತ್ತಿದ್ದವನು ಒಬ್ಬನೇ ಹುಡುಗ. ಅವನ ಕಾಲ್ಗುಣದಿಂದಲೇ ತನ್ನ ವ್ಯಾಪಾರ ಕುದುರಿತು ಎಂದು ವ್ಯಾಪಾರಿ ನಂಬಿದ್ದ. ಹೆಸರು ಮಾತ್ರ ಕೇಳಿರಲಿಲ್ಲ, ದೇವರನ್ನು ಯಾರಾದರೂ ಹೆಸರು ಕೇಳುತ್ತಾರೆಯೇ? ಪಾದ ಮುಟ್ಟಿದಾಗ ಒಮ್ಮೊಮ್ಮೆ ಬೆರಳಿಗೆ ತೇವ ತಾಗುತ್ತಿತ್ತು. ಹುಲ್ಲಿನ ಇಬ್ಬನಿ ಇರಬೇಕೆಂದುಕೊಂಡು ಅದನ್ನೂ ಕಣ್ಣಿಗೊತ್ತಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಹುಡುಗ ಜೋಳಿಗೆಯೊಳಗೆ ಇಣುಕಿ ನೋಡಿ, "ಯಪ್ಪಾ, ಇನ್ನೊಂದು ಬೊಗಸಿ ಹಾಕ್ರಿ" ಅಂದ.

ವ್ಯಾಪಾರಿಗೆ ನಗು ಬಂತು. ತನ್ನದು ಒಂದೇ ಬೊಗಸೆಯ ಹರಕೆ ಎಂದೂ ಕಾವಿ ತೊಟ್ಟವರು ಹೆಚ್ಚಿಗೆ ಆಸೆಪಡಬಾರದೆಂದೂ ಪ್ರೀತಿಯಿಂದಲೇ ಬುದ್ಧಿ ಹೇಳಿ ಕಳಿಸಿದ.

ಎದುರು ಜಗಲಿಯಲ್ಲಿ ಒಬ್ಬ ಹೆಂಗಸು ಕ್ಯಾಮೆರಾ ಹಿಡಿದು ಕೂತಿದ್ದಳು. ಇಂಥ ಶಾಲೆಗಳ ಮಕ್ಕಳ ಚಿತ್ರ ತೆಗೆಯಲೆಂದೇ ಊರೂರು ತಿರುಗುತ್ತಿದ್ದವಳು. ಮರುದಿನ ವ್ಯಾಪಾರಿ ಪಾದಕ್ಕೆ ಬಾಗಿದಾಗ ಅವಳು ಹತ್ತಿರ ಬಂದು, ಆ ಕಾಲನ್ನು ಒಮ್ಮೆ ನೋಡಿ ಎಂದು ಕೇಳಿಕೊಂಡಳು. ಅವನು ಕಣ್ಣು ತೆರೆಯದೆಯೇ, ಪೂಜೆಗೆ ಅಡ್ಡ ಬರಬೇಡ ಎಂದು ಗದರಿದ.

ಕೆಲವು ದಿನ ಕಳೆದ ಮೇಲೆ ಆ ಹುಡುಗ ಬರುವುದು ನಿಂತಿತು. ಅವನ ಬದಲು ಬೇರೊಬ್ಬ ಬಂದ. ವ್ಯಾಪಾರಿ ಆ ಪಾದವನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡ.

ಆಮೇಲೊಂದು ದಿನ ಪೊಲೀಸರು ಬಂದು ಮೇಲ್ವಿಚಾರಕನನ್ನು ಹಿಡಿದುಕೊಂಡು ಹೋದರು, ಶಾಲೆಗೆ ಬೀಗ ಬಿತ್ತು. ಆ ಹೆಂಗಸು ತೆಗೆದ ಚಿತ್ರಗಳನ್ನು ಊರಿನ ಛತ್ರದಲ್ಲಿ ತೂಗುಹಾಕಿದರು. ಕೆಲವರು ಮೇಲ್ವಿಚಾರಕನನ್ನು ಬೈದರು, ಹೆಚ್ಚಿನವರು ಅವಳನ್ನೇ ಬೈದರು. ವ್ಯಾಪಾರಿಯೂ ಅವಳನ್ನು ಬೈಯಬೇಕೆಂದೇ ಹೋದವನು ಒಂದು ಚಿತ್ರದ ಮುಂದೆ ನಿಂತುಬಿಟ್ಟ. ಅದರಲ್ಲಿದ್ದದ್ದು ಅವನ ಮನೆಯ ಹೊಸ್ತಿಲು. ಹೊಸ್ತಿಲ ಮುಂದೆ ಎರಡು ಪುಟ್ಟ ಕಾಲು. ಹಗ್ಗ ಕೊರೆದ ಗಾಯ ಪಾದದವರೆಗೂ ಹಬ್ಬಿ ಕೀವು ತುಂಬಿತ್ತು. ಆ ಗಾಯದ ಮೇಲೆಯೇ ಒಂದು ಕೈ ಇತ್ತು, ಬೆರಳಲ್ಲಿ ಅವನದೇ ಉಂಗುರವಿತ್ತು. ಹುಡುಗ ನೋವಿಗೆ ತುಟಿ ಕಚ್ಚಿಕೊಂಡು ಜೋಳಿಗೆಯೊಳಗೆ ನೋಡುತ್ತಿದ್ದ. ಇಷ್ಟು ದಿನ ತನ್ನ ಬೆರಳಿಗೆ ತಾಗಿದ್ದು ಇಬ್ಬನಿಯಲ್ಲ ಎಂದು ವ್ಯಾಪಾರಿಗೆ ಆಗ ತಿಳಿಯಿತು.

"ಆ ಹುಡುಗ ಈಗ ಎಲ್ಲಿದ್ದಾನ್ರೀ?" ಎಂದು ಅವಳನ್ನು ಕೇಳಿದ.

"ಜೋಳಿಗಿ ತುಂಬದಿದ್ರ ಕಾಲಿಗೆ ಹಗ್ಗ ಹಾಕಿ ಕಂಬಕ್ಕ ಕಟ್ಟತಿದ್ರು. ಗಾಯ ನಂಜಾತು. ನಾ ಪೊಲೀಸರನ್ನ ಕರಕೊಂಡು ಹೋಗೂದ್ರಾಗ ತೀರಿಕೊಂಡಿದ್ದ. ಚನ್ನಮಲ್ಲ ಅಂತ ಅವನ ಹೆಸರು" ಎಂದಳು ಅವಳು.

ಮರುದಿನ ಬೆಳಿಗ್ಗೆ ವ್ಯಾಪಾರಿ ಮೊರದ ತುಂಬ ಅಕ್ಕಿ ಇಟ್ಟುಕೊಂಡು ಹೊಸ್ತಿಲಲ್ಲಿ ಕೂತ. ಬರುವವರು ಯಾರೂ ಇರಲಿಲ್ಲ. ಅಂದು ಇನ್ನೊಂದು ಬೊಗಸೆ ಹಾಕಿದ್ದರೆ ಆ ಒಂದು ರಾತ್ರಿಯಾದರೂ ಮಗು ಕಾಲು ಚಾಚಿ ಮಲಗುತ್ತಿತ್ತಲ್ಲ ಎಂದುಕೊಂಡ. ಬೀದಿ ನೋಡುತ್ತ ಕೂತು ಅತ್ತ. ಆಮೇಲೆ ಅವನಿಗೆ ದೇವರ ಮುಂದೆ ನಿಂತರೂ ಕಣ್ಣು ಮುಚ್ಚಲು ಆಗಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಅಂಥ ಕುರುಡರ ಊರಿಗೆ ಆ ಚಿತ್ರ ಬೇಕೇ ಬೇಕಿತ್ತು ಎಂದು ಒಪ್ಪಿಕೊಂಡ. ನಮ್ಮ ಪುಣ್ಯ, ನಮ್ಮಲ್ಲಿ ಹಾಗೆಲ್ಲ ಇಲ್ಲ ಎಂದೂ ಸೇರಿಸಿದ.

ಗುರು ಅವನ ಮುಖ ನೋಡಿ ಕೇಳಿದರು: "ಇಂದು ಬೆಳಿಗ್ಗೆ ನಿನ್ನ ಸ್ನಾನಕ್ಕೆ ನೀರು ಹೊತ್ತು ತಂದ ಮಗುವಿನ ಅಂಗೈ ಹೇಗಿತ್ತು?"

ಶಿಷ್ಯ ಎದ್ದು ಆ ಮಗುವನ್ನು ಹುಡುಕಿಕೊಂಡು ಹೋದ.