ನಾರುಬೇರಿನ ವ್ಯಾಪಾರಿಯ ದವಡೆ

"ಅಜ್ಜಾರ, ಮಗಳಿಗೆ ಮನ್ಯಾಗ ಪಾಠ ಹೇಳಾಕತ್ತೀನ್ರಿ. ಕೇಳಿದ್ದಕ್ಕೆಲ್ಲ ಸರಿ ಉತ್ತರಾನ ಕೊಡ್ತಾಳ, ಒಮ್ಮೆನೂ ತಪ್ಪಂಗಿಲ್ಲ. ಯಾರೋ ಮೋಸ ಮಾಡಾಕತ್ತಾರಂತ ನನಗ ಅನುಮಾನ. ಹೆಂಗ ಹಿಡೀಲ್ರಿ?"

ಕೇಳಿದವನು ಅಡಿವೆಪ್ಪ, ಮಠದ ಅಜ್ಜಾರ ಶಿಷ್ಯ. ಎರಡು ವರ್ಷದ ಹಿಂದೆ ಮಗಳನ್ನು ಶಾಲೆ ಬಿಡಿಸಿ, ತಾನೇ ಕಲಿಸುತ್ತೇನೆಂದು ಊರಿಗೆಲ್ಲ ಹೇಳಿಕೊಂಡಿದ್ದ. ಮೊನ್ನೆ ಹೆಂಡತಿಯ ಅಣ್ಣ ಬಂದು ಒಂದು ಸುಲಭದ ಪ್ರಶ್ನೆ ಕೇಳಿದಾಗ ಹುಡುಗಿ ಬಾಯಿ ಬಿಡಲಿಲ್ಲ. ಜೂನ್ ತಿಂಗಳಿಗೆ ಅವಳನ್ನು ಮತ್ತೆ ಶಾಲೆಗೆ ಹಾಕಬೇಕೆಂದು ಅಂದಿನಿಂದ ಹೆಂಡತಿಯದು ಒಂದೇ ಹಟ. ತನ್ನೆದುರು ಅರಳು ಹುರಿದಂತೆ ಮಾತಾಡುವವಳು ಮಾವನೆದುರು ಮೂಕಿಯಾದದ್ದು ಹೇಗೆ? ಹೆಂಡತಿಯೇ ಹಿಂದಿನಿಂದ ಉತ್ತರ ಹೇಳಿಕೊಡುತ್ತಿದ್ದಾಳೆ ಎಂದು ಅಡಿವೆಪ್ಪ ತನ್ನಷ್ಟಕ್ಕೆ ತೀರ್ಮಾನಿಸಿದ್ದ. ಬೇಕಾಗಿದ್ದದ್ದು ಸಾಕ್ಷಿ ಮಾತ್ರ.

ಅಜ್ಜಾರು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಔಷಧಿಯ ನಾರುಬೇರು ಮಾರುತ್ತಿದ್ದ. ಅವನಿಗೆ ಒಬ್ಬಳೇ ಮಗಳು, ಮುಂದೆ ಅಂಗಡಿ ಅವಳದೇ. ಆ ವ್ಯಾಪಾರದಲ್ಲಿ ಕಣ್ಣು ತಪ್ಪಿದರೆ ಜೀವ ಹೋಗುತ್ತದೆ. ಕೂಸಿಗೆ ತೇಯ್ದು ನೆಕ್ಕಿಸುವ ಬೇರಿಗೂ ಅದರಂತೆಯೇ ಕಾಣುವ ವಿಷದ ಬೇರಿಗೂ ನೋಟದಲ್ಲಿ ಹೆಚ್ಚು ಅಂತರವಿಲ್ಲ. ಇಂಥ ವಿದ್ಯೆಯನ್ನು ಬೇರೆಯವರು ಸರಿಯಾಗಿ ಹೇಳಿಕೊಟ್ಟಾರೆಂದು ಅವನಿಗೆ ನಂಬಿಕೆ ಇರಲಿಲ್ಲ. ಅವನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲವೆನ್ನಿ. ಅದಕ್ಕೇ ಮಗಳಿಗೆ ಮನೆಯಲ್ಲಿ ತಾನೇ ಕಲಿಸಲು ಕೂತ.

ದಿನವೂ ಬೆಳಗ್ಗೆ ಎಲೆಯಡಿಕೆ ಹಾಕಿಕೊಂಡು ಮಗಳ ಎದುರಿಗೆ ಕೂರುತ್ತಿದ್ದ. ನಿಜವಾದದ್ದೊಂದು, ಅದನ್ನು ಹೋಲುವುದೊಂದು, ಹೀಗೆ ಎರಡು ಬೇರು ಮುಂದಿಡುತ್ತಿದ್ದ. ಅವಳು ಇದರ ಮೇಲೊಮ್ಮೆ ಅದರ ಮೇಲೊಮ್ಮೆ ಕೈಯಾಡಿಸಿ ನಿಜವಾದದ್ದನ್ನು ಎತ್ತಿಕೊಡುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲ. ವ್ಯಾಪಾರಿ ಹಿಗ್ಗಿ ಹೀರೇಕಾಯಿಯಾದ.

ಒಂದು ದಿನ ಮರೆತು, ಇನ್ನೂ ಕಲಿಸದ ಬೇರಿನ ಜೋಡಿಯೊಂದನ್ನು ಮುಂದಿಟ್ಟ. ಮಗಳು ಅದರಲ್ಲೂ ನಿಜವಾದದ್ದನ್ನೇ ಎತ್ತಿಕೊಟ್ಟಳು. ತಾನು ಹೇಳಿಕೊಡದ್ದು ಇವಳಿಗೆ ಬಂದದ್ದೆಲ್ಲಿಂದ?

ಆಮೇಲೆ ಅವನಿಗೆ ನೆಮ್ಮದಿಯಿಲ್ಲ. ಹೆಂಡತಿ ಅಡುಗೆಮನೆಯಿಂದ ಬಳೆ ಸದ್ದು ಮಾಡಿ ಸುಳಿವು ಕೊಡುತ್ತಾಳೇನೋ ಎಂದು, ಪಾಠದ ಹೊತ್ತಿಗೆ ಅವಳನ್ನು ನೆರೆಮನೆಗೆ ಅಟ್ಟಿದ. ಅಂಗಡಿಯ ಆಳು ಮೊದಲೇ ತಿಳಿಸುತ್ತಾನೇನೋ ಎಂದು ಅವನನ್ನು ಅಂಗಳಕ್ಕೂ ಬಿಡಲಿಲ್ಲ. ಮಗಳೇ ಮಧ್ಯಾಹ್ನ ಬೇರಿನ ಕಟ್ಟು ಬಿಚ್ಚಿ ನೋಡುತ್ತಾಳೇನೋ ಎಂದು ತನಗೊಬ್ಬನಿಗೇ ಗೊತ್ತಿರುವ ಗಂಟು ಹಾಕಿದ. ಗಂಟು ಹಾಕಿದಂತೆಯೇ ಇರುತ್ತಿತ್ತು, ಮಗಳ ಉತ್ತರ ಎಂದಿನಂತೆ ಸರಿಯಾಗಿರುತ್ತಿತ್ತು. ಮೂವರ ಮೇಲೆ ಕಣ್ಣಿಟ್ಟಿದ್ದ ಆ ಪುಣ್ಯಾತ್ಮ. ಅಲ್ಲಿದ್ದ ನಾಲ್ಕನೆಯವನ ಮೇಲೂ ಕಣ್ಣಿಡಬೇಕೆಂದು ಅವನಿಗೆ ತೋಚಲಿಲ್ಲ.

ಅಷ್ಟರಲ್ಲಿ ಇನ್ನೊಂದು ನಡೆಯಿತು. ಅವನಿಲ್ಲದ ಹೊತ್ತಿನಲ್ಲಿ ಒಬ್ಬ ತಾಯಿ ಕೂಸಿನ ಹೊಟ್ಟೆನೋವಿಗೆ ಬೇರು ಕೇಳಿಕೊಂಡು ಬಂದಳು. ಮಗಳು ಕಟ್ಟುಗಳನ್ನು ನೋಡಿದಳು, ಆ ತಾಯಿಯ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು. ಕೈ ಮುಂದೆ ಹೋಗಲಿಲ್ಲ. ಅಳುವ ಕೂಸನ್ನು ಎತ್ತಿಕೊಂಡು ಆ ತಾಯಿ ಬರಿಗೈಯಲ್ಲಿ ಹೋದಳು. ಸುದ್ದಿ ಕೇಳಿದ ವ್ಯಾಪಾರಿ, ಬೇಕೆಂದೇ ಹೀಗೆ ಮಾಡಿದ್ದಾಳೆ ಎಂದುಕೊಂಡ. ಎರಡು ದಿನ ಮಗಳನ್ನು ಮಾತಾಡಿಸಲಿಲ್ಲ.

ಮೂರನೆಯ ದಿನ ಅವನಿಗೆ ಹಲ್ಲುನೋವು ಬಂತು, ಕೆನ್ನೆ ಊದಿಕೊಂಡಿತು. ಆದರೂ ಪಾಠ ತಪ್ಪಿಸುವವನಲ್ಲ. ಎರಡು ಬೇರು ಇಟ್ಟ. ಮಗಳ ಕೈ ಇತ್ತ ಹೋಯಿತು, ಅತ್ತ ಹೋಯಿತು, ನಡುವೆ ನಿಂತಿತು. ಅವಳ ಕಣ್ಣು ಬೇರಿನ ಮೇಲೆ ಇರಲೇ ಇಲ್ಲ.

"ಬೇರು ಬಿಟ್ಟು ನನ್ನ ಮಾರಿ ಯಾಕ ನೋಡ್ತಿ?"

"ಇವತ್ತ ನೀ ಎಲಿ ಹಾಕ್ಕೊಂಡಿಲ್ಲಲ್ಲಪ್ಪಾ. ನಾ ಹೆಂಗ ಹೇಳ್ಲಿ?"

ವ್ಯಾಪಾರಿಗೆ ಈಗ ತಿಳಿಯಿತು. ಮಗಳ ಕೈ ಸರಿಯಾದ ಬೇರಿನ ಮೇಲೆ ಹೋದಾಗ ಎಲೆ ಜಗಿಯುವ ಅವನ ದವಡೆ ಆಡುತ್ತಿತ್ತು, ತಪ್ಪು ಬೇರಿನ ಮೇಲೆ ಹೋದಾಗ ನಿಲ್ಲುತ್ತಿತ್ತು. ಅಲ್ಲಿಯವರೆಗೆ ಅದು ಅವನಿಗೇ ಗೊತ್ತಿರಲಿಲ್ಲ. ಮಗಳು ಮೋಸ ಮಾಡಿರಲಿಲ್ಲ. ಅಪ್ಪನಿಗೆ ಸಂತೋಷವಾಗುವುದೇ ಸರಿ ಉತ್ತರ ಎಂದು ತಿಳಿದು, ಅಷ್ಟನ್ನು ಶ್ರದ್ಧೆಯಿಂದ ಕಲಿತಿದ್ದಳು. ಅವನಿಗೆ ನಾಚಿಕೆಯಾಯಿತು. ಆ ತಾಯಿಗೆ ಮಗಳು ಯಾವುದೋ ಒಂದನ್ನು ಎತ್ತಿಕೊಟ್ಟಿದ್ದರೆ ಎಂದು ನೆನೆದು, ಮುಂದಿದ್ದ ಎರಡೂ ಬೇರನ್ನು ಎತ್ತಿ ಕಟ್ಟಿಟ್ಟ.

ಹಲ್ಲುನೋವು ಇಳಿದ ಮೇಲೆ ಕಾಡಿನಿಂದ ಬೇರು ತರುವ ಮುದುಕಿಗೆ ಒಂದು ಮಾತು ಹೇಳಿದ. ಅವಳು ಹತ್ತು ಬೇರುಗಳನ್ನು ಬೆರಕೆ ಮಾಡಿ, ಯಾವುದು ಏನೆಂದು ಅವನಿಗೂ ಹೇಳದೆ ಇಟ್ಟುಹೋದಳು. ಈ ಸಲ ವ್ಯಾಪಾರಿ ಮಗಳ ಎದುರಿಗೆ ಕೂರಲಿಲ್ಲ, ಪಕ್ಕದಲ್ಲಿ ಕೂತ. ತನಗೂ ಗೊತ್ತಿಲ್ಲ, ಇಬ್ಬರೂ ಸೇರಿ ನೋಡೋಣ ಎಂದ. ಮಗಳು ನಂಬದೆ ಅವನ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಆಗ ಮೊದಲ ಸಲ ಬೇರನ್ನು ನೋಡಿದಳು. ಮುರಿದಳು, ಮೂಸಿದಳು, ಕಲ್ಲಿಗೆ ತಿಕ್ಕಿ ಬಣ್ಣ ನೋಡಿದಳು. ಒಂದು ಬೇರು ಹಿಡಿದು, ಇದು ನನಗೆ ಗೊತ್ತಾಗುತ್ತಿಲ್ಲ ಎಂದಳು. ಇಷ್ಟು ದಿನದ ಸರಿ ಉತ್ತರಗಳಿಗಿಂತ ವ್ಯಾಪಾರಿಗೆ ಆ ಮಾತೇ ಹೆಚ್ಚು ಹಿಡಿಸಿತು.

ವಾರದ ಕೊನೆಗೆ ಮುದುಕಿ ಬಂದು ನೋಡಿದಳು. ಮಗಳು ನಾಲ್ಕು ತಪ್ಪಿದ್ದಳು, ಅಪ್ಪ ಎರಡು ತಪ್ಪಿದ್ದ. ಮುದುಕಿ ಅಪ್ಪನನ್ನೇ ಹೆಚ್ಚು ಬೈದಳು. ಅಲ್ಲಿಂದ ಮುಂದೆ ಅವರ ಪಾಠ ನಡೆದದ್ದು ಹಾಗೆಯೇ. ವರ್ಷ ಕಳೆದ ಮೇಲೆ ಇನ್ನೊಬ್ಬ ತಾಯಿ ಕೂಸನ್ನೆತ್ತಿಕೊಂಡು ಅಂಗಡಿಗೆ ಬಂದಳು. ಮಗಳು ಬೇರು ಮುರಿದು, ಮೂಸಿ, ಕೊಟ್ಟು ಕಳಿಸಿದಳು. ಬಾಗಿಲ ಕಡೆ ನೋಡಲಿಲ್ಲ. ವ್ಯಾಪಾರಿ ಒಳಗೇ ಇದ್ದ, ಹೊರಗೆ ಬರಲಿಲ್ಲ.

ಅಜ್ಜಾರು ಕತೆ ನಿಲ್ಲಿಸಿದರು. ಪಾಪ, ಹೆಂಡತಿಯನ್ನು ಸುಮ್ಮನೆ ಅನುಮಾನಿಸಿದೆನಲ್ಲ ಎಂದು ಅಡಿವೆಪ್ಪನಿಗೆ ಕೆಡುಕೆನಿಸಿತು. ಆದರೂ ಜೂನ್ ತಿಂಗಳು ಹಾಗೆಯೇ ಎದುರಿಗಿತ್ತು. ಅವನು ಮುಂದೆ ಸರಿದು ಕೂತ.

"ಹಂಗಾದ್ರ ಮಗಳನ್ನ ಮನ್ಯಾಗ ಇಟ್ಕೊಳ್ಳಲೋ, ಸಾಲಿಗೆ ಕಳಸಲೋ? ಯಾವುದು ಸರಿ, ನೀವ ಹೇಳ್ರಿ ಅಜ್ಜಾರ."

ಅಜ್ಜಾರ ಹುಬ್ಬು ಏರೀತೇ, ತುಟಿ ಅಲುಗೀತೇ ಎಂದು ಅಡಿವೆಪ್ಪ ರೆಪ್ಪೆ ಬಡಿಯದೆ ಕಾದ. ಮನೆಯಲ್ಲಿಟ್ಟುಕೊಳ್ಳುತ್ತೇನೆ ಎನ್ನಲು ಬಾಯಿ ತೆರೆದು, ಅವರ ಮುಖ ನೋಡಿ, ಸಾಲಿಗೆ ಕಳಿಸುತ್ತೇನೆ ಎನ್ನಲು ಹೊರಟ.

"ನನ್ನ ದವಡಿ ಯಾಕ ನೋಡ್ತೀಯೋ ತಮ್ಮಾ, ನಾ ಎಲಿ ಹಾಕ್ಕೊಳ್ಳಾವಲ್ಲ."